ಮಗನ ಹೆಸರಿಗೇ ಬರೆದರೆ ಮಗನಿಗೇ ನಷ್ಟ: ಅಮೆರಿಕದ 2,000 ಡಾಲರ್ ಗೆರೆ

ಅಮೆರಿಕದಲ್ಲಿರುವ ಒಬ್ಬ ಅಜ್ಜಿ ಉಯಿಲಿನಲ್ಲಿ ಮೊಮ್ಮಗನಿಗೆ 50,000 ಡಾಲರ್ ಬರೆದಿಟ್ಟು ತೀರಿಕೊಂಡರು ಅಂದುಕೊಳ್ಳಿ. ಮೊಮ್ಮಗನಿಗೆ 30 ವರ್ಷ. ಆಟಿಸಂ ಇದೆ, ಒಬ್ಬನೇ ಇರಲು ಆಗುವುದಿಲ್ಲ. ಸರ್ಕಾರದಿಂದ ತಿಂಗಳಿಗೆ ಒಂದಿಷ್ಟು ಹಣ ಬರುತ್ತದೆ. ಬಡವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆ, ಮೆಡಿಕೇಯ್ಡ್, ಇದೆ. ಆ ಮೆಡಿಕೇಯ್ಡ್ ದುಡ್ಡಿನಲ್ಲೇ ದಿನಾ ಮನೆಗೆ ಸಹಾಯಕರೊಬ್ಬರು ಬರುತ್ತಾರೆ. ಈ ನೆರವು ಪಡೆಯುವವರ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚು ಇರಬಾರದು. ಹಾಗಾಗಿ ಅಜ್ಜಿಯ ಹಣ ಅವನ ಖಾತೆಗೆ ಬಿದ್ದರೆ ಮಾಸಿಕ ನೆರವು ನಿಲ್ಲುತ್ತದೆ, ಮೆಡಿಕೇಯ್ಡ್ ಕೂಡ ನಿಲ್ಲಬಹುದು. ಆಮೇಲೆ ಸಹಾಯಕರ ಸಂಬಳ ಎಲ್ಲಿಂದ? ಅಜ್ಜಿ ಕೊಟ್ಟ ಹಣದಿಂದಲೇ. ಅದೆಲ್ಲ ಕರಗಿ ಕೈ ಖಾಲಿಯಾದ ಮೇಲೆ ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಇಷ್ಟು ದಿನ ಸರ್ಕಾರ ಮಾಡುತ್ತಿದ್ದ ಖರ್ಚನ್ನು ಸ್ವಲ್ಪ ಕಾಲ ಅಜ್ಜಿ ಮಾಡಿದಂತಾಯಿತು, ಅಷ್ಟೇ. ಮೊಮ್ಮಗನ ಬದುಕು ಒಂದಿಷ್ಟೂ ಸುಧಾರಿಸಲಿಲ್ಲ.

ಇದು ಅಪರೂಪದ ಕಥೆ ಅಲ್ಲ. ಅಮೆರಿಕದ ನಿಯಮ ಇರುವುದೇ ಹೀಗೆ. ಅಂಗವೈಕಲ್ಯ ಇರುವ ಮಗುವಿಗೆ ಏನಾದರೂ ಉಳಿಸಿಹೋಗಬೇಕು ಎನ್ನುವ ತಂದೆ ತಾಯಿ, ಕಾಗದದ ಮೇಲೆ ಆ ಮಗುವಿಗೆ ಏನೂ ಉಳಿಸಿಲ್ಲ ಎಂದು ತೋರಿಸಬೇಕು. ಸ್ವಲ್ಪ ವಿಚಿತ್ರ, ಅಲ್ವಾ? ಆದರೆ ಇದು ಅರ್ಥವಾಗದೆ ಉಳಿದದ್ದು ಯಾವುದೂ ಅರ್ಥವಾಗುವುದಿಲ್ಲ.

ಗೆರೆ ಎಲ್ಲಿಂದ ಬಂತು

ಮಾಸಿಕ ನೆರವಿನ ಹೆಸರು ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್, ಚಿಕ್ಕದಾಗಿ ಎಸ್‌ಎಸ್‌ಐ. 1972ರಲ್ಲಿ ಕಾನೂನಾಯಿತು, 1974ರ ಜನವರಿಯಿಂದ ಹಣ ಕೊಡಲು ಶುರುಮಾಡಿದರು. ವಯಸ್ಸಾದವರು, ಕುರುಡರು, ಅಂಗವೈಕಲ್ಯ ಇರುವವರು, ಇವರಲ್ಲಿ ತೀರಾ ಬಡವರಿಗೆ ಇದು. 2026ರಲ್ಲಿ ಒಬ್ಬರಿಗೆ ತಿಂಗಳಿಗೆ ಗರಿಷ್ಠ 994 ಡಾಲರ್. ಇದನ್ನು ಪಡೆಯುವವರ ಬಳಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ದಾಟಬಾರದು. ಗಂಡ ಹೆಂಡತಿ ಇಬ್ಬರೂ ಪಡೆಯುತ್ತಿದ್ದರೆ 3,000. ವಾಸದ ಮನೆ, ಒಂದು ಕಾರು, ಮನೆಯ ಸಾಮಾನು ಇವು ಲೆಕ್ಕಕ್ಕಿಲ್ಲ. ಬ್ಯಾಂಕಿನಲ್ಲಿರುವುದು, ಷೇರು, ಎರಡನೇ ಸೈಟು, ಎಲ್ಲವೂ ಲೆಕ್ಕಕ್ಕೆ.

1974ರಲ್ಲಿ ಈ ಗೆರೆ 1,500 ಡಾಲರ್ ಇತ್ತು. 1989ರಲ್ಲಿ 2,000 ಆಯಿತು. ಅಲ್ಲಿಗೇ ನಿಂತಿದೆ. ಮಾಸಿಕ ಹಣ ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ವರ್ಷ ಏರುತ್ತದೆ, ಆದರೆ ಆಸ್ತಿಯ ಗೆರೆಗೆ ಅಂಥ ಏರ್ಪಾಡೇ ಇಲ್ಲ. 1989ರಿಂದ ಬೆಲೆಗಳ ಜೊತೆ ಏರಿದ್ದರೂ ಇವತ್ತು 5,000 ದಾಟುತ್ತಿತ್ತು. ಮೊದಲ 1,500ರಿಂದ ಲೆಕ್ಕ ಹಾಕಿದರೆ 10,000ದ ಹತ್ತಿರ ಬರುತ್ತಿತ್ತು. ಯಾರೂ ಮತ ಹಾಕಿ ಇದನ್ನು ಬಿಗಿ ಮಾಡಲಿಲ್ಲ. ಸುಮ್ನೆ ಮುಟ್ಟದೆ ಬಿಟ್ಟರು, ಅದು ತಾನಾಗಿ ಬಿಗಿಯಾಗುತ್ತಾ ಹೋಯಿತು.

994 ಡಾಲರ್ ಹೋದರೆ ಹೋಗಲಿ ಎನ್ನುವ ಕುಟುಂಬಗಳೂ ಇವೆ. ಅವರು ಮರೆಯುವುದು ಮೆಡಿಕೇಯ್ಡನ್ನು. ಹೆಚ್ಚಿನ ರಾಜ್ಯಗಳಲ್ಲಿ ಎಸ್‌ಎಸ್‌ಐ ಸಿಕ್ಕರೆ ಮೆಡಿಕೇಯ್ಡ್ ತಾನಾಗಿ ಸಿಗುತ್ತದೆ. ನಿಜವಾದ ಬೆಲೆ ಇರುವುದು ಅಲ್ಲೇ. ಖಾಸಗಿ ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕೊಡುತ್ತದೆ. ಸ್ನಾನ ಮಾಡಿಸಲು, ಊಟ ಮಾಡಿಸಲು, ಹೊರಗೆ ಕರೆದುಕೊಂಡು ಹೋಗಲು ವರ್ಷಗಟ್ಟಲೆ ಬರುವ ಸಹಾಯಕರಿಗೆ ಅದು ದುಡ್ಡು ಕೊಡುವುದಿಲ್ಲ. ವಯಸ್ಸಾದವರಿಗೆ, ಅಂಗವೈಕಲ್ಯ ಇರುವ ಕೆಲವರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಕೂಡ ಕೊಡುವುದಿಲ್ಲ. ಕೊಡುವುದು ಮುಖ್ಯವಾಗಿ ಮೆಡಿಕೇಯ್ಡ್, ಅದೂ ಹೆಚ್ಚಾಗಿ 'ವೇವರ್' ಎಂಬ ಯೋಜನೆಗಳ ಮೂಲಕ, ಅದೂ ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಸರದಿ ಕಾದ ಮೇಲೆ. ಹಾಗೆ ಕಾದು ಸಿಕ್ಕ ಜಾಗವನ್ನು ಅಜ್ಜಿಯ ಪ್ರೀತಿಯ ಚೆಕ್ಕಿನಿಂದ ಕಳೆದುಕೊಂಡರೆ ಹೇಗಿರುತ್ತದೆ ಯೋಚಿಸಿ.

ವಲಸೆ ಬಂದ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ಎಸ್‌ಎಸ್‌ಐ ಸಿಗುವುದಿಲ್ಲ. 1996ರ ಕಾನೂನಿನ ನಂತರ ಬಂದವರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು, ಜೊತೆಗೆ 40 ತ್ರೈಮಾಸಿಕದ ದುಡಿಮೆಯ ಲೆಕ್ಕ ತೋರಿಸಬೇಕು. ಮಗುವಿಗೆ 18 ತುಂಬುವ ಮೊದಲು ತಂದೆ ತಾಯಿ ದುಡಿದದ್ದನ್ನು ಮಗುವಿನ ಲೆಕ್ಕಕ್ಕೆ ಸೇರಿಸಬಹುದು. ಪೌರತ್ವ ಬಂದರೆ ಈ ತೊಡಕಿಲ್ಲ.

18 ಎನ್ನುವುದು ಹಣದ ವಿಷಯದಲ್ಲೂ ದೊಡ್ಡ ತಿರುವು. ಅಲ್ಲಿಯವರೆಗೆ ತಂದೆ ತಾಯಿಯ ಸಂಬಳ, ಉಳಿತಾಯವನ್ನು ಮಗುವಿನದು ಎಂದೇ ಲೆಕ್ಕ ಹಾಕುತ್ತಾರೆ, ಹಾಗಾಗಿ ಮಧ್ಯಮ ವರ್ಗದ ಮಕ್ಕಳಿಗೆ ಎಸ್‌ಎಸ್‌ಐ ಸಿಗುವುದು ಕಷ್ಟ. 18 ತುಂಬಿದ ಮೇಲೆ ಮಗುವಿನ ಹೆಸರಿನಲ್ಲಿ ಇರುವುದಷ್ಟೇ ಲೆಕ್ಕ. ಆಗ ಅರ್ಜಿ ಹಾಕಲು ಹೋದವರಿಗೆ ಹಳೆಯ ಉಳಿತಾಯವೊಂದು ಅಡ್ಡ ಬರುತ್ತದೆ. ಹುಟ್ಟಿದಾಗ ಪ್ರೀತಿಯಿಂದ ಮಗುವಿನ ಹೆಸರಲ್ಲಿ ತೆರೆದ ಕಸ್ಟೋಡಿಯಲ್ ಖಾತೆ. ಹದಿನೆಂಟೋ ಇಪ್ಪತ್ತೊಂದೋ ಆದಾಗ ಅದು ಪೂರ್ತಿ ಮಗುವಿನದಾಗುತ್ತದೆ, ಗೆರೆ ದಾಟಿಸುತ್ತದೆ.

ಹಾಗಾದರೆ ಬೇರೆಯವರಿಗೆ ಕೊಟ್ಟುಬಿಡೋಣ ಅಂದರೆ ಅದಕ್ಕೂ ದಂಡವಿದೆ. ಬೆಲೆ ಪಡೆಯದೆ ಆಸ್ತಿ ದಾಟಿಸಿದರೆ 36 ತಿಂಗಳವರೆಗೆ ಎಸ್‌ಎಸ್‌ಐ ತಡೆಹಿಡಿಯಬಹುದು. ಬಂದ ಆಸ್ತಿ ಬೇಡ ಎಂದು ಬಿಟ್ಟುಕೊಟ್ಟರೂ ಅದನ್ನು ದಾಟಿಸಿದಂತೆಯೇ ನೋಡುತ್ತಾರೆ.

ಹಣ ಯಾರದ್ದು ಎಂಬ ಪ್ರಶ್ನೆ

ಇದಕ್ಕೆ ಕಾನೂನೇ ಬಿಟ್ಟಿರುವ ದಾರಿ ಸ್ಪೆಷಲ್ ನೀಡ್ಸ್ ಟ್ರಸ್ಟ್. ಹಣ ಟ್ರಸ್ಟಿನದು, ಮಗುವಿನದಲ್ಲ. ಅದನ್ನು ನೋಡಿಕೊಳ್ಳುವ ಟ್ರಸ್ಟಿ ತನ್ನ ವಿವೇಚನೆಯಿಂದ ಮಗುವಿಗಾಗಿ ಖರ್ಚು ಮಾಡುತ್ತಾರೆ. ಇಷ್ಟು ಕೊಡಲೇಬೇಕು ಎಂದು ಮಗು ಕೇಳುವ ಹಕ್ಕಿಲ್ಲ. ಕೇಳುವ ಹಕ್ಕಿಲ್ಲದ್ದರಿಂದಲೇ ಅದು ಮಗುವಿನ ಆಸ್ತಿ ಎನಿಸುವುದಿಲ್ಲ.

ಆದರೆ ಎಲ್ಲ ಟ್ರಸ್ಟೂ ಒಂದೇ ಅಲ್ಲ. ಟ್ರಸ್ಟಿನೊಳಗೆ ಹಾಕಿದ ಹಣ ಮೊದಲು ಯಾರದ್ದಾಗಿತ್ತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ತಂದೆ, ತಾಯಿ, ಅಜ್ಜ, ಅಜ್ಜಿ ತಮ್ಮ ಹಣ ಹಾಕಿದರೆ ಅದು ಥರ್ಡ್ ಪಾರ್ಟಿ ಟ್ರಸ್ಟ್. ಮಗುವಿನ ಕಾಲಾನಂತರ ಉಳಿದದ್ದು ಅವರು ಹೇಳಿದವರಿಗೆ ಹೋಗುತ್ತದೆ, ಒಡಹುಟ್ಟಿದವರಿಗೋ, ಯಾವುದೋ ಸಂಸ್ಥೆಗೋ. ಸರ್ಕಾರಕ್ಕೆ ಅದರಲ್ಲಿ ಪಾಲಿಲ್ಲ.

ಮಗುವಿನ ಸ್ವಂತ ಹಣವಾದರೆ ಬೇರೆ ಕಥೆ. ಅಪಘಾತದ ಪರಿಹಾರ ಇರಬಹುದು, ನೇರವಾಗಿ ಬಂದ ಅಜ್ಜಿಯ ಆ 50,000 ಇರಬಹುದು. ಅದನ್ನು ಹಾಕುವುದು ಫಸ್ಟ್ ಪಾರ್ಟಿ ಟ್ರಸ್ಟಿಗೆ. 1993ರ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಇದಕ್ಕೆ ಅವಕಾಶ ಕೊಟ್ಟಿತು, ಷರತ್ತು ಹಾಕಿ. 65 ವರ್ಷದೊಳಗೆ ಹಾಕಬೇಕು. ಆ ವ್ಯಕ್ತಿ ತೀರಿಕೊಂಡಾಗ, ಮೆಡಿಕೇಯ್ಡ್ ಅವರಿಗಾಗಿ ಖರ್ಚು ಮಾಡಿದ್ದನ್ನು ಉಳಿದ ಹಣದಿಂದ ರಾಜ್ಯಕ್ಕೆ ಮೊದಲು ತೀರಿಸಬೇಕು. ವರ್ಷಗಟ್ಟಲೆ ಮನೆಯಲ್ಲಿ ಆರೈಕೆ ಪಡೆದವರ ಲೆಕ್ಕ ದೊಡ್ಡದಿರುತ್ತದೆ, ಬೇರೆಯವರಿಗೆ ಹೆಚ್ಚೇನೂ ಉಳಿಯುವುದಿಲ್ಲ. ಇನ್ನೊಂದು ಮಾತು: 2016ರ ಡಿಸೆಂಬರ್‌ವರೆಗೆ ಅಂಗವೈಕಲ್ಯ ಇರುವವರು ತಮ್ಮದೇ ಹಣಕ್ಕೆ ತಾವೇ ಇಂಥ ಟ್ರಸ್ಟ್ ಮಾಡುವಂತಿರಲಿಲ್ಲ. ತಂದೆ ತಾಯಿಯೋ, ಅಜ್ಜ ಅಜ್ಜಿಯೋ, ಗಾರ್ಡಿಯನ್ನೋ, ಕೋರ್ಟೋ ಮಾಡಬೇಕಿತ್ತು. ಗಾಲಿಕುರ್ಚಿಯಲ್ಲಿ ಕೂತು ಕಂಪನಿ ನಡೆಸುವ ಬುದ್ಧಿ ಇದ್ದವರಿಗೂ ಅದೇ ನಿಯಮ. ಅಂಗವೈಕಲ್ಯ ಅಂದರೆ ಬುದ್ಧಿಯಿಲ್ಲ ಎಂದು ಕಾನೂನು ಬರೆದವರು ಅಂದುಕೊಂಡಿದ್ದರೋ ಏನೋ.

ಒಂದೇ ಅಜ್ಜಿ, ಒಂದೇ 50,000. ಟ್ರಸ್ಟಿನ ಹೆಸರಿಗೆ ಬರೆದಿದ್ದರೆ ಪೂರ್ತಿ ಮೊಮ್ಮಗನ ಬಳಕೆಗೆ ಸಿಗುತ್ತಿತ್ತು, ಉಳಿದದ್ದು ಮನೆಯವರಿಗೆ ಬರುತ್ತಿತ್ತು. ಮೊಮ್ಮಗನ ಹೆಸರಿಗೆ ಬರೆದದ್ದರಿಂದ ವಕೀಲರ ಖರ್ಚು ಮಾಡಿ ಫಸ್ಟ್ ಪಾರ್ಟಿ ಟ್ರಸ್ಟಿಗೆ ಸಾಗಿಸಬೇಕು, ಉಳಿದದ್ದರ ಮೇಲೆ ರಾಜ್ಯದ ಹಕ್ಕು. ಉಯಿಲಿನ ಒಂದು ಸಾಲಿನ ವ್ಯತ್ಯಾಸ.

ಟ್ರಸ್ಟಿಯಾಗಲು ಮನೆಯಲ್ಲಿ ಯಾರೂ ಇಲ್ಲ, ಬ್ಯಾಂಕಿಗೆ ಕೊಡುವಷ್ಟು ದೊಡ್ಡ ಮೊತ್ತವೂ ಅಲ್ಲ ಅನ್ನುವವರಿಗೆ ಪೂಲ್ಡ್ ಟ್ರಸ್ಟ್ ಇದೆ. ಲಾಭದಾಸೆಯಿಲ್ಲದ ಸಂಸ್ಥೆಗಳು ನಡೆಸುತ್ತವೆ. ಹಲವರ ಹಣವನ್ನು ಒಟ್ಟಿಗೆ ಹೂಡಿ, ಪ್ರತಿಯೊಬ್ಬರ ಲೆಕ್ಕ ಬೇರೆ ಬೇರೆ ಇಡುತ್ತವೆ. ಸಣ್ಣ ಮೊತ್ತಕ್ಕೆ ಇದೇ ವಾಸಿ.

ಟ್ರಸ್ಟಿನಿಂದ ಖರ್ಚು ಮಾಡುವುದರಲ್ಲೂ ಕಟ್ಟುಪಾಡಿದೆ. ಮಗುವಿನ ಕೈಗೆ ನಗದು ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ಮೊತ್ತ ಎಸ್‌ಎಸ್‌ಐಯಲ್ಲಿ ಕಡಿತ. ಫೋನ್ ಬಿಲ್, ಲ್ಯಾಪ್‌ಟಾಪ್, ಥೆರಪಿ, ಪ್ರವಾಸ, ಸಂಗೀತ ಪಾಠ ಇವುಗಳನ್ನು ಅಂಗಡಿಗೋ ಸಂಸ್ಥೆಗೋ ನೇರವಾಗಿ ಕೊಟ್ಟರೆ ಕಡಿತವಿಲ್ಲ. ಊಟ ಮತ್ತು ವಸತಿಗೆ ಕೊಟ್ಟರೆ ಕಡಿತ ಇತ್ತು. 2024ರ ಸೆಪ್ಟೆಂಬರ್ 30ರಿಂದ ಊಟವನ್ನು ಈ ಲೆಕ್ಕದಿಂದ ಕೈಬಿಟ್ಟರು. ಅಲ್ಲಿಯವರೆಗೆ ಅಕ್ಕ ತಂದುಕೊಟ್ಟ ದಿನಸಿಯನ್ನೂ ಲೆಕ್ಕಕ್ಕೆ ಹಿಡಿಯುವ ನಿಯಮವಿತ್ತು!

ವಸತಿಯ ಕಡಿತ ಉಳಿದಿದೆ, ಆದರೆ ಅದಕ್ಕೆ ಮಿತಿಯಿದೆ. ಗರಿಷ್ಠ ಮಾಸಿಕ ಹಣದ ಮೂರನೇ ಒಂದು ಭಾಗ, ಮೇಲೆ 20 ಡಾಲರ್. 2026ರ ಲೆಕ್ಕದಲ್ಲಿ ಸುಮಾರು 351 ಡಾಲರ್. ಇದಕ್ಕೆ ಹೆದರಿ ಬಾಡಿಗೆಯನ್ನೇ ಕೊಡದ ಟ್ರಸ್ಟಿಗಳಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು. ಟ್ರಸ್ಟಿನಲ್ಲಿ ಸಾಕಷ್ಟು ಹಣವಿದ್ದು, 1,500 ಡಾಲರ್ ಬಾಡಿಗೆ ಕೊಟ್ಟರೆ ಒಳ್ಳೆಯ ಜಾಗದಲ್ಲಿ ಮನೆ ಸಿಗುತ್ತದೆ ಅಂದರೆ, 351 ಕಳೆದುಕೊಂಡು ಬಾಡಿಗೆ ಕೊಡುವುದೇ ಜಾಣತನ. ಎಸ್‌ಎಸ್‌ಐ ಪೂರ್ತಿ ಸೊನ್ನೆಗೆ ಇಳಿಯದಂತೆ ನೋಡಿಕೊಂಡರೆ ಮೆಡಿಕೇಯ್ಡಿಗೂ ಧಕ್ಕೆಯಿಲ್ಲ. ನೆರವನ್ನು ಕಾಪಾಡಿಕೊಳ್ಳುವ ಗಡಿಬಿಡಿಯಲ್ಲಿ, ಯಾರಿಗಾಗಿ ಟ್ರಸ್ಟ್ ಮಾಡಿದರೋ ಅವರನ್ನೇ ಇಕ್ಕಟ್ಟಿನಲ್ಲಿಡುವುದು ಯಾವ ನ್ಯಾಯ?

ದಾರಿ ತಪ್ಪುವುದು ಎಲ್ಲಿ

ವಕೀಲರಿಗೆ ದುಡ್ಡು ಕೊಟ್ಟು ಚೆನ್ನಾಗಿ ಟ್ರಸ್ಟ್ ಬರೆಸಿದ ಕುಟುಂಬಗಳೂ ಎಡವುತ್ತವೆ. ಕಾರಣ ಬಹಳ ಸಾದಾ. ಜೀವವಿಮೆ, ನಿವೃತ್ತಿ ಖಾತೆ, ಕೆಲವು ಬ್ಯಾಂಕ್ ಖಾತೆಗಳು ಉಯಿಲಿನ ಮಾತು ಕೇಳುವುದಿಲ್ಲ. ಆಯಾ ಕಂಪನಿಯ ಫಾರ್ಮಿನಲ್ಲಿ ಬೆನಿಫಿಷಿಯರಿ ಅಂತ ಯಾರ ಹೆಸರಿದೆಯೋ ಅವರಿಗೇ ಹೋಗುತ್ತವೆ. ಇಪ್ಪತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ 'ಮಕ್ಕಳಿಗೆ ಸಮಪಾಲು' ಎಂದು ಟಿಕ್ ಹಾಕಿದ್ದು ನೆನಪೇ ಇರುವುದಿಲ್ಲ. ಅಮೆರಿಕದ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ, ವಾಸದ ಮನೆ ಬಿಟ್ಟರೆ ದೊಡ್ಡ ಆಸ್ತಿ ಇರುವುದೇ ಈ ಫಾರ್ಮುಗಳಲ್ಲಿ.

ಎರಡನೆಯದು ನಂಬಿಕೆ. 'ಎಲ್ಲವನ್ನೂ ದೊಡ್ಡವನ ಹೆಸರಿಗೆ ಬರೆಯೋಣ, ತಮ್ಮನನ್ನು ಅವನು ನೋಡಿಕೊಳ್ಳುತ್ತಾನೆ.' ಅವನು ನೋಡಿಕೊಳ್ಳುವವನೇ ಇರಬಹುದು. ಆದರೆ ಕಾನೂನಿನ ಕಣ್ಣಲ್ಲಿ ಅದು ಅವನ ಹಣ. ಅವನಿಗೆ ವಿಚ್ಛೇದನವಾದರೆ, ವ್ಯಾಪಾರದಲ್ಲಿ ಸಾಲವಾದರೆ, ತಮ್ಮನಿಗಿಂತ ಮೊದಲೇ ಅವನು ಹೋದರೆ, ತಮ್ಮನ ಪಾಲು ಕೇಳುವವರು ಯಾರೂ ಇಲ್ಲ. ಪ್ರಾಮಾಣಿಕತೆಯ ಪ್ರಶ್ನೆಯೇ ಅಲ್ಲ ಇದು. ಅಣ್ಣನನ್ನೇ ಟ್ರಸ್ಟಿ ಮಾಡಿದರೂ ಒಂದು ಇಕ್ಕಟ್ಟಿದೆ: ತಮ್ಮನಿಗೆ ಖರ್ಚಾಗದೆ ಉಳಿದದ್ದು ಮುಂದೆ ತನಗೇ ಬರುವುದಾದರೆ, ಎಷ್ಟೇ ಒಳ್ಳೆಯವನಾದರೂ ಕೈ ಸ್ವಲ್ಪ ಬಿಗಿಯಾಗುತ್ತದೆ. ಹಣ ನೋಡಿಕೊಳ್ಳಲು ಒಬ್ಬರು, ತಮ್ಮನ ಜೊತೆ ಓಡಾಡಲು ಇನ್ನೊಬ್ಬರು ಎಂದು ಬೇರೆ ಮಾಡಿದ ಮನೆಗಳಲ್ಲಿ ಮನಸ್ತಾಪ ಕಡಿಮೆ.

ಟ್ರಸ್ಟನ್ನು ಉಯಿಲಿನೊಳಗೆ ಬರೆಯುವ ಬದಲು ಬದುಕಿರುವಾಗಲೇ ತೆರೆದಿಡುವುದು ಮೇಲು ಅನ್ನುವುದು ಇದಕ್ಕೇ. ಟ್ರಸ್ಟ್ ಆಗಲೇ ಇದ್ದರೆ ಅಜ್ಜಿ, ಚಿಕ್ಕಮ್ಮ, ಮಾವ ಎಲ್ಲರಿಗೂ 'ಅವನ ಹೆಸರಿಗೆ ಬೇಡ, ಈ ಟ್ರಸ್ಟಿನ ಹೆಸರಿಗೆ ಬರೆಯಿರಿ' ಎಂದು ಹೇಳಬಹುದು. ಈ ಮಾತನ್ನು ಮನೆಯ ಹಿರಿಯರ ಹತ್ತಿರ ಎತ್ತುವುದು ಮುಜುಗರವೇ. ಆದರೂ ಎತ್ತಬೇಕು.

ಈ ವರ್ಷ ಬದಲಾದದ್ದು

2014ರಲ್ಲಿ ಬಂದ ಏಬಲ್ ಕಾನೂನು ಅಂಗವೈಕಲ್ಯ ಇರುವವರಿಗೆ ತಮ್ಮದೇ ಹೆಸರಿನಲ್ಲಿ ಉಳಿಸಲು ಮೊದಲ ಬಾರಿಗೆ ಒಂದು ಖಾತೆ ಕೊಟ್ಟಿತು. ಅದರಲ್ಲಿರುವ 1,00,000 ಡಾಲರ್‌ವರೆಗೆ ಎಸ್‌ಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಮಾಸಿಕ ಹಣ ತಾತ್ಕಾಲಿಕವಾಗಿ ನಿಲ್ಲುತ್ತದೆ, ಮೆಡಿಕೇಯ್ಡ್ ಉಳಿಯುತ್ತದೆ. ವರ್ಷಕ್ಕೆ ಹಾಕುವುದಕ್ಕೆ ಮಿತಿಯಿದೆ, 2025ರಲ್ಲಿ ಅದು 19,000 ಡಾಲರ್ ಇತ್ತು. ಒಬ್ಬರಿಗೆ ಒಂದೇ ಖಾತೆ.

ಆದರೆ ಅಂಗವೈಕಲ್ಯ 26 ವರ್ಷದೊಳಗೆ ಶುರುವಾಗಿರಬೇಕು ಎಂಬ ಷರತ್ತಿತ್ತು. 30ಕ್ಕೆ ಬೆನ್ನುಹುರಿಗೆ ಪೆಟ್ಟಾದವರು, 35ಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದವರು ಹೊರಗೆ. 2022ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಈಗ ಆ ವಯಸ್ಸು 46. ಇವತ್ತು ನಿಮಗೆ ಎಷ್ಟು ವಯಸ್ಸು ಅನ್ನುವುದು ಮುಖ್ಯವಲ್ಲ, ಅಂಗವೈಕಲ್ಯ ಯಾವಾಗ ಶುರುವಾಯಿತು ಅನ್ನುವುದು ಮುಖ್ಯ. 60 ವರ್ಷದವರೂ ಇವತ್ತು ಖಾತೆ ತೆರೆಯಬಹುದು.

ಏಬಲ್‌ನ ದೊಡ್ಡ ಅನುಕೂಲ ಬಾಡಿಗೆಯಲ್ಲಿದೆ. ಈ ಖಾತೆಯಿಂದ ಹಣ ತೆಗೆದು ಅದೇ ತಿಂಗಳು ಬಾಡಿಗೆ ಕೊಟ್ಟರೆ ಎಸ್‌ಎಸ್‌ಐ ಕಡಿತ ಇಲ್ಲ. ಟ್ರಸ್ಟಿನಿಂದ ಏಬಲ್ ಖಾತೆಗೆ ಹಣ ಹಾಕುವುದನ್ನೂ ಆದಾಯ ಎಂದು ನೋಡುವುದಿಲ್ಲ. ಹಾಗಾಗಿ ಟ್ರಸ್ಟಿನಿಂದ ಏಬಲ್‌ಗೆ, ಏಬಲ್‌ನಿಂದ ಮನೆಯ ಮಾಲೀಕರಿಗೆ ಹಣ ಹೋದರೆ ಆ 351 ಡಾಲರ್ ಕೂಡ ಉಳಿಯುತ್ತದೆ. ಇದು ಕಳ್ಳದಾರಿಯಲ್ಲ, ನಿಯಮದಲ್ಲೇ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಏಬಲ್ ಖಾತೆಯಲ್ಲಿ ಉಳಿದದ್ದರ ಮೇಲೆ ಮರಣಾನಂತರ ಮೆಡಿಕೇಯ್ಡ್ ಹಕ್ಕು ಸಾಧಿಸಬಹುದು, ಕೆಲವು ರಾಜ್ಯಗಳು ಇದಕ್ಕೆ ತಡೆ ಹಾಕಿಕೊಂಡಿವೆ. ಆದ್ದರಿಂದ ಅಜ್ಜಿಯ ಹಣವನ್ನೆಲ್ಲ ಅಲ್ಲಿ ಸುರಿಯುವುದು ಸರಿಯಲ್ಲ. ದಿನನಿತ್ಯದ ಖರ್ಚಿಗೆ ಏಬಲ್, ದೀರ್ಘ ಕಾಲಕ್ಕೆ ಟ್ರಸ್ಟ್.

ಪರವಾಗಿಲ್ಲ ಎನಿಸುವ ಇನ್ನೊಂದು ನಿಯಮವೂ ಇದೆ. ಅಂಗವೈಕಲ್ಯ 22 ವರ್ಷದೊಳಗೆ ಶುರುವಾಗಿದ್ದರೆ, ತಂದೆಯೋ ತಾಯಿಯೋ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಪಡೆಯಲು ಶುರುಮಾಡಿದಾಗ ಮಗುವಿಗೂ ಅವರ ಲೆಕ್ಕದಿಂದ ಹಣ ಬರುತ್ತದೆ. ಅವರು ಬದುಕಿರುವಾಗ ಅವರ ಪೂರ್ಣ ಪಿಂಚಣಿಯ ಅರ್ಧದವರೆಗೆ, ತೀರಿಕೊಂಡ ಮೇಲೆ 75 ಶೇಕಡದವರೆಗೆ. ಇದಕ್ಕೆ 2,000 ಡಾಲರ್ ಗೆರೆ ಇಲ್ಲ. 24 ತಿಂಗಳ ನಂತರ ಮೆಡಿಕೇರ್ ಕೂಡ ಬರುತ್ತದೆ. ಆದರೆ ಈ ಹೊಸ ಹಣದಿಂದ ಆದಾಯ ಏರಿ ಎಸ್‌ಎಸ್‌ಐ ನಿಲ್ಲಬಹುದು. ಆಗ ಮೆಡಿಕೇಯ್ಡ್ ಮುಂದುವರಿಸಬೇಕು ಎಂಬ ನಿಯಮ 1987ರಿಂದಲೇ ಇದೆ. ಇದನ್ನು ಕಚೇರಿಯ ಸಿಬ್ಬಂದಿ ಮರೆತಿದ್ದರೆ ಕುಟುಂಬದವರೇ ನೆನಪಿಸಬೇಕಾಗುತ್ತದೆ.

ಮದುವೆಯ ವಿಷಯಕ್ಕೆ ಬಂದರೆ ಕಾನೂನು ನಿಷ್ಠುರ. ಎಸ್‌ಎಸ್‌ಐ ಪಡೆಯುವ ಇಬ್ಬರು ಮದುವೆಯಾದರೆ ಇಬ್ಬರಿಗೂ ಸೇರಿ ತಿಂಗಳಿಗೆ 1,491 ಡಾಲರ್. ಬೇರೆ ಬೇರೆ ಇದ್ದಿದ್ದರೆ 1,988 ಬರುತ್ತಿತ್ತು. ತಂದೆ ತಾಯಿಯ ಲೆಕ್ಕದಿಂದ ಹಣ ಪಡೆಯುವವರು ಮದುವೆಯಾದರೆ ಅದು ಸಾಮಾನ್ಯವಾಗಿ ನಿಂತೇ ಹೋಗುತ್ತದೆ. ಮದುವೆಯಾಗದೆ ಬದುಕುತ್ತಿರುವ ಜೋಡಿಗಳು ಇವೆ, ಮನಸ್ಸಿಲ್ಲದೆ ಅಲ್ಲ.

18 ತುಂಬಿದ ತಕ್ಷಣ ಗಾರ್ಡಿಯನ್‌ಶಿಪ್ ಹಾಕಿಸಿ ಎಂದು ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಸಲಹೆ ಕೊಡುವವರಿದ್ದಾರೆ. ಅದು ಮಗನ ಕಾನೂನುಬದ್ಧ ಹಕ್ಕುಗಳನ್ನು ಕೋರ್ಟ್ ಮೂಲಕ ತೆಗೆದುಕೊಳ್ಳುವ ಕ್ರಮ. ಕೆಲವರಿಗೆ ಬೇಕೇ ಬೇಕು. ಹೆಚ್ಚಿನವರಿಗೆ ಪವರ್ ಆಫ್ ಅಟಾರ್ನಿ ಸಾಕಾಗಬಹುದು. ಇಲ್ಲವೇ ನಿರ್ಧಾರ ಅವರದ್ದೇ, ಸಹಾಯ ಬೇರೆಯವರದ್ದು ಎನ್ನುವ ಒಪ್ಪಂದ ಮಾಡಿಕೊಳ್ಳಬಹುದು. 2015ರಲ್ಲಿ ಟೆಕ್ಸಸ್ ಇಂಥ ಒಪ್ಪಂದಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಮೊದಲ ರಾಜ್ಯವಾಯಿತು, ಆಮೇಲೆ ಹಲವು ರಾಜ್ಯಗಳು ಅದೇ ದಾರಿ ಹಿಡಿದವು.

ಈಗ ಎಲ್ಲರಿಗೂ ಇರುವ ಆತಂಕ ಮೆಡಿಕೇಯ್ಡಿನದು. 2025ರ ಜುಲೈ 4ರಂದು ಸಹಿಯಾದ ತೆರಿಗೆ ಮತ್ತು ಖರ್ಚಿನ ಕಾನೂನು ಹತ್ತು ವರ್ಷಗಳಲ್ಲಿ ಮೆಡಿಕೇಯ್ಡಿನ ಫೆಡರಲ್ ಖರ್ಚನ್ನು 900 ಬಿಲಿಯನ್ ಡಾಲರಿಗೂ ಹೆಚ್ಚು ಇಳಿಸುತ್ತದೆ ಎಂಬುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಬಜೆಟ್ ಕಚೇರಿಯ ಅಂದಾಜು. ದುಡಿಮೆ ತೋರಿಸಬೇಕೆಂಬ ಹೊಸ ಷರತ್ತು ಎಸ್‌ಎಸ್‌ಐ ಪಡೆಯುವವರಿಗೆ ಅನ್ವಯಿಸುವುದಿಲ್ಲ. ಆದರೂ ನಿರಾಳವಾಗುವಂತಿಲ್ಲ. ಫೆಡರಲ್ ಕಾನೂನಿನ ಪ್ರಕಾರ ರಾಜ್ಯಗಳು ನರ್ಸಿಂಗ್ ಹೋಮ್ ಖರ್ಚನ್ನು ಕೊಡಲೇಬೇಕು, ಮನೆಯಲ್ಲಿ ಕೊಡುವ ಆರೈಕೆಯ ಬಹುಪಾಲು ಐಚ್ಛಿಕ. ದುಡ್ಡು ಕಡಿಮೆಯಾದಾಗ ರಾಜ್ಯಗಳ ಕತ್ತರಿ ಐಚ್ಛಿಕವಾದದ್ದರ ಕಡೆಗೇ ಮೊದಲು ಹೋಗುತ್ತದೆ: ಸಹಾಯಕರ ಗಂಟೆಗಳು ಇಳಿಯುತ್ತವೆ, ವೇವರ್ ಸರದಿ ಬೆಳೆಯುತ್ತದೆ. ಅಂದರೆ ಸರ್ಕಾರ ಕೊಡುತ್ತದೆ, ಟ್ರಸ್ಟ್ ಮೇಲಿನದನ್ನು ತುಂಬಿಸುತ್ತದೆ ಎಂದು ಹಾಕಿದ ಹಳೆಯ ಲೆಕ್ಕ ಸಡಿಲವಾಗುತ್ತಿದೆ. ಟ್ರಸ್ಟಿನಲ್ಲಿ ಇಡುವ ಹಣ ಹಿಂದೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಬೇಕಾಗಬಹುದು. ಎಷ್ಟೋ ಕುಟುಂಬಗಳು ಇದಕ್ಕೆ ತಂದೆ ತಾಯಿ ಇಬ್ಬರೂ ತೀರಿಕೊಂಡ ಮೇಲೆ ಹಣ ಕೊಡುವ ಜೀವವಿಮೆಯನ್ನು ಬಳಸುತ್ತವೆ, ಅದರ ಕಂತು ಕಡಿಮೆ.

ಗೆರೆಯನ್ನು 2,000ದಿಂದ 10,000ಕ್ಕೆ, ದಂಪತಿಗೆ 20,000ಕ್ಕೆ ಏರಿಸುವ ಮಸೂದೆ ಕಾಂಗ್ರೆಸ್‌ನಲ್ಲಿ ಹಲವು ಬಾರಿ ಮಂಡನೆಯಾಗಿದೆ, ಎರಡೂ ಪಕ್ಷಗಳವರ ಬೆಂಬಲದಿಂದ. ಒಮ್ಮೆಯೂ ಪಾಸಾಗಿಲ್ಲ. ನನಗೆ ಅದರಲ್ಲಿ ಅಂಥ ಭರವಸೆಯೂ ಇಲ್ಲ.

ಅದಾಗುವವರೆಗೆ ಮಾಡಬಹುದಾದ ಕೆಲಸ ಬೀರುವಿನಲ್ಲಿರುವ ಹಳೆಯ ಟ್ರಸ್ಟ್ ಪತ್ರವನ್ನು ತೆಗೆದು ಓದುವುದು. 2014ಕ್ಕಿಂತ ಮೊದಲು ಬರೆಸಿದ್ದರೆ ಏಬಲ್ ಖಾತೆಗೆ ಹಣ ಹಾಕುವ ಅಧಿಕಾರ ಟ್ರಸ್ಟಿಗೆ ಇದೆಯೋ ನೋಡಬೇಕು. 2019ಕ್ಕಿಂತ ಮೊದಲಿನದಾದರೆ ನಿವೃತ್ತಿ ಖಾತೆಯ ಭಾಗ ನೋಡಬೇಕು. ಆ ವರ್ಷದ ಕಾನೂನು ಹೆಚ್ಚಿನ ವಾರಸುದಾರರು ಹತ್ತು ವರ್ಷದೊಳಗೆ ಖಾತೆ ಖಾಲಿ ಮಾಡಬೇಕು ಎಂದಿತು. ಅಂಗವೈಕಲ್ಯ ಇರುವವರಿಗೆ ಜೀವಮಾನವಿಡೀ ಸ್ವಲ್ಪ ಸ್ವಲ್ಪ ತೆಗೆಯುವ ವಿನಾಯಿತಿ ಕೊಟ್ಟಿತು. ಟ್ರಸ್ಟಿನ ಮೂಲಕವೂ ಅದು ಸಿಗುತ್ತದೆ, ಪತ್ರದ ಭಾಷೆ ಸರಿಯಾಗಿದ್ದರೆ ಮಾತ್ರ. 2024ಕ್ಕಿಂತ ಮೊದಲಿನ ಪತ್ರದಲ್ಲಿ 'ಊಟಕ್ಕೆ ಖರ್ಚು ಮಾಡುವಂತಿಲ್ಲ' ಎಂಬ ಸಾಲು ಇರುವ ಸಾಧ್ಯತೆ ಹೆಚ್ಚು. ಕಾನೂನು ಆ ಕಡಿತವನ್ನು ಬಿಟ್ಟಿದೆ, ಪತ್ರ ಬಿಟ್ಟಿಲ್ಲ. ಕಾನೂನು ಬದಲಾದಂತೆ ಪತ್ರವನ್ನು ತಿದ್ದುವ ಅಧಿಕಾರ ಟ್ರಸ್ಟಿಗೆ ಕೊಡುವ ಒಂದು ಸಾಲು ಹೊಸ ಟ್ರಸ್ಟುಗಳಲ್ಲಿ ಇರುತ್ತದೆ. ಹಳೆಯದರಲ್ಲಿ ಅದು ಇಲ್ಲದಿದ್ದರೆ, ಬರೆಸಿದವರು ಬದುಕಿರುವಾಗಲೇ ಸೇರಿಸುವುದು ಸುಲಭ. ಆಮೇಲೆ ಅದಕ್ಕೆ ಕೋರ್ಟಿಗೆ ಹೋಗಬೇಕಾಗಬಹುದು.